ಹಣೆಬರಹವಲ್ಲ, ಚೀಟಿಬರಹ



1929ರ ಅಕ್ಟೋಬರಿನಲ್ಲಿ ಚಾಳೀಸಗಾಂವ್‌ನಲ್ಲಿ ಬಾಬಾಸಾಹೇಬರ ಕಾಲು ಮುರಿಯಿತು. 'ಟಾಂಗಾ ಬೇಕಾದರೆ ಕೊಡ್ತೀವಿ, ಅಸ್ಪೃಶ್ಯನನ್ನ ಕೂರಿಸಿಕೊಂಡು ನಾವು ಹೊಡೆಯೋದಿಲ್ಲ' ಎಂದರು ಟಾಂಗಾದವರು. ಟಾಂಗಾ ಹೊಡೆದು ಗೊತ್ತಿಲ್ಲದ ನಮ್ಮವನೇ ಹೊಡೆದ. ಸೇತುವೆ ಮೇಲೆ ಬಾಬಾಸಾಹೇಬರು ಕಲ್ಲಿಗೆ ಎಸೆಯಲ್ಪಟ್ಟರು. ಇದನ್ನು ಬರೆದ 'ವೇಟಿಂಗ್ ಫಾರ್ ಎ ವೀಸಾ'ದಲ್ಲೇ ಅವರು ಕಾಠಿಯಾವಾಡದ ಒಬ್ಬ ಡಾಕ್ಟರನ ಕತೆಯನ್ನೂ ಕೊಟ್ಟಿದ್ದಾರೆ. ಹಸಿ ಬಾಣಂತಿಯನ್ನು ಆತ ಮುಟ್ಟಲಿಲ್ಲ. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನ ಕೈಗೆ ಕೊಟ್ಟ, ಗಂಡ ಹೆಂಡತಿಗೆ ಇಟ್ಟ. ಆ ತಾಯಿ ಸತ್ತಳು.

ಅಂದು ಮುಟ್ಟದೆ ಥರ್ಮಾಮೀಟರ್ ಕೊಟ್ಟ ಕೈ ಇಂದು ಮುಟ್ಟದೆ ಚೀಟಿ ಬರೆಯುತ್ತಿದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಹಾಸ್ಟೆಲಿನ ಹುಡುಗನೊಬ್ಬನ ಅಪ್ಪನ ಮೇಲೆ ಕ್ವಾರಿಯಲ್ಲಿ ಕಲ್ಲು ಉರುಳಿತು. ಮೊಣಕಾಲ ಕೆಳಗಿನ ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. ತಾಲ್ಲೂಕು ಆಸ್ಪತ್ರೆಗೆ ನಾವೇ ಹೊತ್ತುಕೊಂಡು ಹೋದೆವು. 'ಇಲ್ಲಿ ಫೆಸಿಲಿಟಿ ಇಲ್ಲ ಕಣ್ರೋ, ಜಿಲ್ಲಾ ಆಸ್ಪತ್ರೆಗೆ ಹೋಗಿ' ಅಂತ ಚೀಟಿ ಬರೆದರು. ಗಾಯ ತೊಳೆಯಲಿಲ್ಲ. ಒಂದು ಇಂಜೆಕ್ಷನ್ ಕೊಡಲಿಲ್ಲ. ಮಣ್ಣು ಮೆತ್ತಿದ ಪಂಚೆಯ ತುಂಡು ಗಾಯದ ಮೇಲೆ ಹಾಗೇ ಇತ್ತು. ಅಲ್ಲಿ ಹೋದರೆ ಬೆಳಗಿನತನಕ ನೆಲದ ಮೇಲೆ. ಹನ್ನೊಂದನೇ ದಿನ ಕಾಲು ಕತ್ತರಿಸಿದರು. ಊರವರು 'ಹಣೆಬರಹ' ಎಂದರು.

ಅಲ್ಲ ಸ್ವಾಮಿ, ಅದು ಚೀಟಿಬರಹ!

ಏನಿದು ಫೆಸಿಲಿಟಿ? ಮೂಳೆ ಹೊರಬಂದ ಗಾಯಕ್ಕೆ ಮೊದಲು ಬೇಕಾದದ್ದೇನು? ಆದಷ್ಟು ಬೇಗ, ಸಾಧ್ಯವಾದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಇಂಜೆಕ್ಷನ್. ಧನುರ್ವಾಯುವಿಗೆ ಟಿ.ಟಿ. ಸಲೈನ್ ಹಾಕಿ ಕೊಳೆ ತೊಳೆದು ಒದ್ದೆ ಬಟ್ಟೆ ಮುಚ್ಚುವುದು. ಪಾದದಲ್ಲಿ ನಾಡಿ ನೋಡುವುದು. ಪಟ್ಟಿ ಇಟ್ಟು ಕಾಲು ಅಲುಗದಂತೆ ಕಟ್ಟುವುದು. ಇದರಲ್ಲಿ ಯಾವುದಕ್ಕೆ ಬೆಂಗಳೂರು ಬೇಕು? ಯಾವುದಕ್ಕೆ ಲಕ್ಷ ರೂಪಾಯಿ ಬೇಕು?

ದೊಡ್ಡ ಆಸ್ಪತ್ರೆಗೆ ಕಳಿಸುವುದು ತಪ್ಪಲ್ಲ. ಸತ್ತ ಮಾಂಸ ಕತ್ತರಿಸಿ ತೆಗೆಯಲು, ಹೊರಗಿನಿಂದ ಸರಳು ಹಾಕಿ ಮೂಳೆ ನಿಲ್ಲಿಸಲು, ಚರ್ಮ ಮುಚ್ಚಲು ಸರ್ಜನ್ ಬೇಕೇ ಬೇಕು. ಏನೂ ಮಾಡದೆ ಕಳಿಸುವುದು ತಪ್ಪು. ಕೊಳೆಯನ್ನು ಒಳಗಿಟ್ಟು ಅವಸರದಲ್ಲಿ ಹೊಲಿಗೆ ಹಾಕಿ ಕಳಿಸುವುದು ಇನ್ನೂ ದೊಡ್ಡ ತಪ್ಪು. ಒಳಗೇ ಕೀವು ಕಟ್ಟಿ ಕಾಲು ಕೊಳೆಯುತ್ತದೆ.

ಯಂತ್ರ ಇಲ್ಲ ಅನ್ನುತ್ತಾರೆ. ಭಾರತವೂ ಸೇರಿ ಹಲವು ದೇಶಗಳ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿ 2015ರಲ್ಲಿ ಪ್ರಕಟವಾದ ಫ್ಲೋ ಅಧ್ಯಯನ ಏನು ಹೇಳಿತು? ಆಪರೇಷನ್ನಿನಲ್ಲಿ ಗಾಯ ತೊಳೆಯಲು ರಭಸದ ಯಂತ್ರವೂ ಒಂದೇ, ಮೇಲಿಂದ ಇಳಿಬಿಟ್ಟ ಸಲೈನ್ ಬಾಟಲಿಯೂ ಒಂದೇ. ಇಲಿಜಾರೊವ್ ಎಂಬ ಡಾಕ್ಟರು 1950ರ ದಶಕದಲ್ಲಿ ಉಕ್ಕಿನ ಉಂಗುರ, ತಂತಿಗಳಿಂದ ಮುರಿದ ಕಾಲು ಕೂಡಿಸುವ ವಿಧಾನ ಬೆಳೆಸಿದ್ದು ಮಾಸ್ಕೋದಲ್ಲಲ್ಲ, ದೂರದ ಸೈಬೀರಿಯದ ಕುರ್ಗಾನ್‌ನಲ್ಲಿ. ಪಕ್ಕದ ಕೊಯಮತ್ತೂರಿನ ಗಂಗಾ ಆಸ್ಪತ್ರೆಯವರು ಚರ್ಮ, ಮೂಳೆ, ಸ್ನಾಯು ಎಷ್ಟು ಹಾಳಾಗಿದೆ ಅಂತ ಅಂಕ ಹಾಕಿ, ಯಾವ ಕಾಲು ಉಳಿಸಬಹುದು ಎಂದು ನಿರ್ಧರಿಸುವ ಅಳತೆಯನ್ನೇ ಮಾಡಿದ್ದಾರೆ. ಅದು ಲೋಕವೆಲ್ಲ ಬಲ್ಲ ಅಳತೆ. ನಮ್ಮ ಕಾಲಿಗೆ ಮಾತ್ರ ಅಳತೆ ಇಲ್ಲವೇ?

ನಮ್ಮವರು ನಾಟಿ ಕಟ್ಟಿಗೆ ಓಡುತ್ತಾರೆ ಅಂತ ಬೈಯುತ್ತಾರೆ. ನಿಜ, ತೆರೆದ ಗಾಯದ ಮೇಲೆ ಬಿಗಿಯಾಗಿ ಕಟ್ಟಿದರೆ ರಕ್ತದ ಓಡಾಟ ನಿಂತು ಕಾಲೇ ಹೋಗುತ್ತದೆ. ಆದರೆ ಆಸ್ಪತ್ರೆ ಬಾಗಿಲಲ್ಲೇ ಅಟ್ಟಿದವನು ಇನ್ನೆಲ್ಲಿಗೆ ಹೋಗಬೇಕು? ಡ್ಯೂಟಿಯಲ್ಲಿ ಒಬ್ಬರೇ ಡಾಕ್ಟರು ಇರ್ತಾರೆ, ಅದೂ ನಮಗೆ ಗೊತ್ತು. ಖಾಲಿ ಹುದ್ದೆ ತುಂಬದ ಸರ್ಕಾರವನ್ನು ಬಿಟ್ಟು ನರ್ಸಮ್ಮನ ಮೇಲೆ ಕೂಗಾಡುವುದು ಹೋರಾಟವಲ್ಲ.

1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದ ಕೂಲಿಗಾರನೊಬ್ಬನನ್ನು ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಅಟ್ಟಿದವು. ಕೂಲಿಕಾರರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ಸಕಾಲದಲ್ಲಿ ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ, ದುಡ್ಡಿಲ್ಲ ಅನ್ನೋ ನೆಪ ನಡೆಯೋದಿಲ್ಲ ಎಂದು 1996ರಲ್ಲಿ ತೀರ್ಪಾಯಿತು. ಅದು ಬಾಬಾಸಾಹೇಬರ ಸಂವಿಧಾನ. ಓದಿದ ನಾವು ಅದನ್ನು ಕೌಂಟರಿನ ಮುಂದೆ ಬಾಯಿ ಬಿಟ್ಟು ಹೇಳದಿದ್ದರೆ ಓದಿದ್ದು ಯಾಕೆ?

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಇಷ್ಟು ನೆನಪಿಡಿ. ಹೊರಬಂದ ಮೂಳೆಯನ್ನು ಒಳಗೆ ತಳ್ಳಬೇಡಿ. ಅರಿಶಿನ, ಕಾಫಿಪುಡಿ, ಬೂದಿ ಹಾಕಬೇಡಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಎರಡು ಕೋಲು ಇಟ್ಟು ಕಟ್ಟಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಕೇಳಿ: ಆಂಟಿಬಯಾಟಿಕ್ ಕೊಟ್ರಾ? ಟಿ.ಟಿ. ಕೊಟ್ರಾ? ತೊಳೆದ್ರಾ? ಕೊಟ್ಟ ಹೊತ್ತನ್ನು ಚೀಟಿಯಲ್ಲಿ ಬರೆಸಿ.

ನಮ್ಮ ಒತ್ತಾಯ:

1. ಈ ಮೊದಲ ಚಿಕಿತ್ಸೆ ಕೊಡದೆ ಯಾವ ತಾಲ್ಲೂಕು ಆಸ್ಪತ್ರೆಯೂ ಚೀಟಿ ಬರೆಯಕೂಡದು.

2. ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಮೂಳೆ ಡಾಕ್ಟರು, ಹೊರಸರಳಿನ ಸಾಮಾನು ಹಗಲೂ ರಾತ್ರಿ ಇರಬೇಕು.

3. ಕ್ವಾರಿ ಮಾಲೀಕ ಗಾಡಿ, ಚಿಕಿತ್ಸೆ, ಪರಿಹಾರ ಎಲ್ಲ ಕೊಡಬೇಕು.

ನಿಮ್ಮ ಮನೆಗಳಿಗೆ ಕಲ್ಲು ಒಡೆದ ಕಾಲು ಇದು. ಭಿಕ್ಷೆ ಕೇಳುತ್ತಿಲ್ಲ. ನಮ್ಮ ಕಾಲು ನಮಗೆ ಬೇಕು.

ಜೈಭೀಮ್!