ಹೊಸ ಆವೃತ್ತಿಯೂ ಹಳೆಯ ಬಂಡವಾಳವೂ

ಕಾರ್ಖಾನೆಯ ಯಂತ್ರವೊಂದನ್ನು ಬದಲಾಯಿಸುವಾಗ ಮಾಲೀಕರು ಹತ್ತು ಬಾರಿ ಯೋಚಿಸುತ್ತಾರೆ. ಈಗಿರುವ ಡೈಗಳು ಹೊಸ ಯಂತ್ರಕ್ಕೆ ಹೊಂದುತ್ತವೆಯೇ, ಬಿಡಿಭಾಗಗಳು ಸುಲಭವಾಗಿ ದೊರೆಯುತ್ತವೆಯೇ, ಹಳೆಯ ಗಿರಾಕಿಗಳಿಗೆ ಅದೇ ಅಳತೆಯ ಮಾಲನ್ನು ಮುಂದೆಯೂ ತಯಾರಿಸಿಕೊಡಬಹುದೇ ಎಂಬುದನ್ನೆಲ್ಲ ವಿಚಾರಿಸಿದ ನಂತರವೇ ಮುಂಗಡ ಹಣ ಕೈಬಿಡುತ್ತದೆ. ಆದರೆ ತಂತ್ರಾಂಶದ ವಿಷಯದಲ್ಲಿ ಇದೇ ಎಚ್ಚರಿಕೆ ಕಂಡುಬರುವುದಿಲ್ಲ. ಹೊಸ ಆವೃತ್ತಿ ಲಭ್ಯವಿದೆ ಎಂಬ ಸೂಚನೆ ಪರದೆಯ ಮೇಲೆ ಮೂಡಿದೊಡನೆ ಒಪ್ಪಿಗೆಯ ಗುಂಡಿಯನ್ನು ಒತ್ತಲಾಗುತ್ತದೆ. ಹಳೆಯ ಕೆಲಸದ ಗತಿಯೇನು ಎಂಬ ಪ್ರಶ್ನೆ ಅನಂತರ ಏಳುತ್ತದೆ. ಹೊಸ ನೀರು ಬಂದು ಹಳೆಯ ನೀರು ಕೊಚ್ಚಿಹೋಯಿತು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಈ ಸಮಸ್ಯೆಯು ಅತ್ಯಂತ ಸ್ಪಷ್ಟವಾಗಿ ಕಾಣುವುದು ಧ್ವನಿಮುದ್ರಣ ಉದ್ಯಮದಲ್ಲಿ. ಜವಳಿ ಅಂಗಡಿಯ, ಎಣ್ಣೆ ಗಿರಣಿಯ ಅಥವಾ ಅಗರಬತ್ತಿ ತಯಾರಕರ ಜಾಹೀರಾತು ಗೀತೆಗೆ ಸಂಗೀತ ಒದಗಿಸುವ ಸಣ್ಣ ಸ್ಟುಡಿಯೋಗಳು ಇಂದು ನಿಜವಾದ ವಾದ್ಯಗಳ ಬದಲು ಬಹುಮಟ್ಟಿಗೆ ಗಣಕಯಂತ್ರದೊಳಗಿನ ಸಿಂಥಸೈಜರ್ ತಂತ್ರಾಂಶವನ್ನೇ ಅವಲಂಬಿಸಿವೆ. ಆ ತಂತ್ರಾಂಶದ ಹೊಸ ಆವೃತ್ತಿಯನ್ನು ಅಳವಡಿಸಿದಾಗ, ವರ್ಷಗಟ್ಟಲೆ ರೂಪಿಸಿಟ್ಟ ಹಳೆಯ ನಾದಗಳು ತೆರೆಯದೆ ಹೋಗುವ ಸಂಭವವುಂಟು. ಈ ನಷ್ಟದ ಸ್ವರೂಪವನ್ನು ಅರಿತರೆ ಇತರ ಉದ್ಯಮಗಳೂ ತಮ್ಮ ಹಳೆಯ ದಾಖಲೆಗಳನ್ನು ಕಾಪಾಡಿಕೊಳ್ಳುವ ಬಗೆಯನ್ನು ಅರಿಯಬಹುದು.

ಪ್ರಿಸೆಟ್ ಎಂಬ ಸ್ವತ್ತು

ಸಿಂಥಸೈಜರ್ ತಂತ್ರಾಂಶದಲ್ಲಿ ನೂರಾರು ಗುಂಡಿಗಳಿರುತ್ತವೆ. ಮೂಲ ಕಂಪನ ಯಾವುದು, ಅದನ್ನು ಎಷ್ಟು ಸೋಸಬೇಕು, ಸ್ವರವು ಎಷ್ಟು ವೇಗವಾಗಿ ಏರಿ ಎಷ್ಟು ನಿಧಾನವಾಗಿ ಅಡಗಬೇಕು ಎಂಬುದನ್ನು ಅವು ನಿರ್ಧರಿಸುತ್ತವೆ. ನುರಿತ ಕಲಾವಿದನು ಇವನ್ನು ತಿರುಗಿಸಿ, ಆಲಿಸಿ, ಮತ್ತೆ ತಿರುಗಿಸಿ, ಒಂದು ವಿಶಿಷ್ಟ ನಾದವನ್ನು ಸಿದ್ಧಪಡಿಸುತ್ತಾನೆ. ಆ ಕ್ಷಣದಲ್ಲಿ ಎಲ್ಲ ಗುಂಡಿಗಳೂ ಯಾವ ಸ್ಥಾನದಲ್ಲಿದ್ದವೆಂಬ ಪಟ್ಟಿಯೇ ಪ್ರಿಸೆಟ್. ಅಂದರೆ ಪ್ರಿಸೆಟ್ ಎಂಬುದು ನಾದವಲ್ಲ, ನಾದದ ಪಾಕವಿಧಾನ. ಅದೇ ಒಲೆ, ಅದೇ ಪಾತ್ರೆ ಇದ್ದರೆ ಮಾತ್ರ ಅದೇ ರುಚಿ ಬರುತ್ತದೆ.

ಹೊಸ ಆವೃತ್ತಿಯಲ್ಲಿ ತಯಾರಕರು ಒಲೆಯನ್ನೇ ಬದಲಾಯಿಸುತ್ತಾರೆ. ಆಗ ತೊಂದರೆಯು ಮೂರು ಬಗೆಯಲ್ಲಿ ತಲೆದೋರುತ್ತದೆ. ಮೊದಲನೆಯದು, ಹಳೆಯ ಕಡತ ತೆರೆಯುವುದೇ ಇಲ್ಲ. ಎರಡನೆಯದು, ಕಡತ ತೆರೆದರೂ ನಾದ ಬೇರೆಯಾಗಿರುತ್ತದೆ. ಗುಂಡಿಯ ಅಳತೆಯಾಗಲಿ ಅದರ ಹಿಂದಿನ ಗಣಿತವಾಗಲಿ ಬದಲಾಗಿರುತ್ತದೆ. ಮೂರನೆಯದು, ಹಳೆಯದು ಹೊಸದರಲ್ಲಿ ತೆರೆಯುತ್ತದೆ, ಆದರೆ ಒಮ್ಮೆ ಹೊಸದರಲ್ಲಿ ಉಳಿಸಿದ ಮೇಲೆ ಹಳೆಯದರಲ್ಲಿ ಮತ್ತೆ ತೆರೆಯದು. ಮೊದಲನೆಯ ತೊಂದರೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಎರಡನೆಯದೂ ಮೂರನೆಯದೂ ತಡವಾಗಿ ತಿಳಿಯುವುದರಿಂದ ಹೆಚ್ಚು ಅಪಾಯಕಾರಿ.

ಬದಲಾವಣೆಯು ಸಿಂಥಸೈಜರ್ ತಯಾರಕರಿಂದಲೇ ಬರಬೇಕೆಂದೂ ಇಲ್ಲ. 2019ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಆಪಲ್ ಸಂಸ್ಥೆಯ ಮ್ಯಾಕ್‌ಓಎಸ್ ಕ್ಯಾಟಲಿನಾ ಕಾರ್ಯಾಚರಣಾ ವ್ಯವಸ್ಥೆಯು 32 ಬಿಟ್ ತಂತ್ರಾಂಶಗಳಿಗೆ ಬೆಂಬಲವನ್ನು ನಿಲ್ಲಿಸಿತು. 64 ಬಿಟ್‌ಗೆ ಪರಿವರ್ತನೆಯಾಗದ ಹಳೆಯ ಸಂಗೀತ ತಂತ್ರಾಂಶಗಳು ಆ ಗಣಕಗಳಲ್ಲಿ ಒಮ್ಮೆಲೇ ಮೂಕವಾದವು. ವಾದ್ಯ ತಂತ್ರಾಂಶವನ್ನು ಧ್ವನಿಮುದ್ರಣ ತಂತ್ರಾಂಶಕ್ಕೆ ಜೋಡಿಸುವ ವಿಎಸ್‌ಟಿ ಎಂಬ ವ್ಯವಸ್ಥೆಯನ್ನು ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯು 1996ರಲ್ಲಿ ಹೊರತಂದಿತು. ಅದರ ಮೂರನೆಯ ಪೀಳಿಗೆ 2008ರಲ್ಲಿ ಬಂದಿತು. ಎರಡನೆಯ ಪೀಳಿಗೆಗೆ ಹೊಸ ಪರವಾನಗಿ ನೀಡುವುದನ್ನು 2018ರಲ್ಲಿ ನಿಲ್ಲಿಸಲಾಯಿತು. ಈ ಎರಡು ಪೀಳಿಗೆಗಳಲ್ಲಿ ವಾದ್ಯವನ್ನು ಗುರುತಿಸುವ ಸಂಕೇತಗಳೇ ಬೇರೆ. ಆದ್ದರಿಂದ ತಯಾರಕರು ವಿಶೇಷ ವ್ಯವಸ್ಥೆ ಮಾಡದಿದ್ದಲ್ಲಿ, ಒಂದೇ ಹೆಸರಿನ ವಾದ್ಯ ಗಣಕದಲ್ಲಿದ್ದರೂ ಹಳೆಯ ಗೀತೆಯ ಕಡತವು ಅದನ್ನು ತನ್ನದೆಂದು ಗುರುತಿಸದು.

ತಯಾರಕರನ್ನು ಸಂಪೂರ್ಣವಾಗಿ ದೂಷಿಸುವುದೂ ನ್ಯಾಯವಲ್ಲ. ಹಳೆಯ ಆವೃತ್ತಿಗಳೆಲ್ಲವನ್ನೂ ಶಾಶ್ವತವಾಗಿ ಸಲಹುವುದು ಖರ್ಚಿನ ಬಾಬು. ಕೆಲವೊಮ್ಮೆ ಹಳೆಯ ದೋಷವನ್ನು ಉಳಿಸಿಕೊಳ್ಳದೆ ಹಳೆಯ ನಾದವನ್ನು ಉಳಿಸಲಾಗದು. ತಯಾರಕರು ತಮ್ಮ ಮುಂದಿನ ಮಾರಾಟವನ್ನು ನೋಡಿಕೊಳ್ಳುತ್ತಾರೆ. ಖರೀದಿದಾರರು ತಮ್ಮ ಹಿಂದಿನ ಬಂಡವಾಳವನ್ನು ತಾವೇ ನೋಡಿಕೊಳ್ಳಬೇಕಾಗುತ್ತದೆ.

1983ರ ಪಾಠ

ಹೊಸ ತಂತ್ರಜ್ಞಾನ ಬಂದಾಗ ಹಳೆಯದು ಕಳೆದುಹೋಗುವುದು ಸಹಜ ಎಂದು ವಾದಿಸುವವರಿದ್ದಾರೆ. ಈ ವಾದಕ್ಕೆ ಸಂಗೀತ ಉದ್ಯಮದ ಚರಿತ್ರೆಯೇ ಉತ್ತರ ನೀಡುತ್ತದೆ. ಒಂದು ಸಂಸ್ಥೆಯ ವಾದ್ಯವು ಇನ್ನೊಂದರ ವಾದ್ಯದೊಡನೆ ಮಾತನಾಡುವಂತೆ ಮಾಡುವ ಮಿಡಿ ಎಂಬ ಸಮಾನ ಮಾನಕವನ್ನು ಅಮೆರಿಕ ಮತ್ತು ಜಪಾನಿನ ಪ್ರತಿಸ್ಪರ್ಧಿ ತಯಾರಕರು ಕೂಡಿ ರೂಪಿಸಿದರು. 1983ರ ಜನವರಿಯಲ್ಲಿ ಅದರ ಸಾರ್ವಜನಿಕ ಪ್ರದರ್ಶನ ನಡೆಯಿತು. ಅದಕ್ಕಾಗಿ ದುಡಿದ ರೋಲ್ಯಾಂಡ್ ಸಂಸ್ಥಾಪಕ ಇಕುತಾರೊ ಕಕೆಹಾಶಿ ಮತ್ತು ಸೀಕ್ವೆನ್ಶಿಯಲ್ ಸಂಸ್ಥೆಯ ಡೇವ್ ಸ್ಮಿತ್ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು. 2020ರಲ್ಲಿ ಮಿಡಿಯ ಎರಡನೆಯ ಆವೃತ್ತಿ ಅಂಗೀಕೃತವಾದಾಗಲೂ ಹಳೆಯ ಮಿಡಿ ಉಪಕರಣಗಳನ್ನು ಕೈಬಿಡಲಿಲ್ಲ.

ಅದೇ 1983ರಲ್ಲಿ ಮಾರುಕಟ್ಟೆಗೆ ಬಂದ ಯಮಾಹ ಡಿಎಕ್ಸ್7 ಎಂಬ ವಾದ್ಯದಲ್ಲಿ 32 ನಾದಗಳ ಪ್ರಿಸೆಟ್‌ಗಳನ್ನು ಇರಿಸಿಕೊಳ್ಳಬಹುದಾಗಿತ್ತು. ಆ 32 ನಾದಗಳ ಕಂತೆಯ ಗಾತ್ರ ಕೇವಲ 4,096 ಬೈಟ್. ಯಾವ ಬೈಟ್ ಯಾವ ಗುಂಡಿಯನ್ನು ಸೂಚಿಸುತ್ತದೆ ಎಂಬುದು ಗುಟ್ಟಾಗಿ ಉಳಿಯಲಿಲ್ಲ. ಪರಿಣಾಮವಾಗಿ, ಬೇರೆ ತಯಾರಕರು ರೂಪಿಸಿದ ತಂತ್ರಾಂಶಗಳಲ್ಲಿಯೂ ಅಂದಿನ ಪ್ರಿಸೆಟ್‌ಗಳನ್ನು ಇಂದು ತೆರೆಯಬಹುದಾಗಿದೆ. ಉಚಿತವಾಗಿ ದೊರೆಯುವ ಡೆಕ್ಸ್ಡ್ ತಂತ್ರಾಂಶ ಇದಕ್ಕೆ ನಿದರ್ಶನ. ನಾಲ್ಕು ದಶಕ ದಾಟಿದ ಕಡತ ಇಂದಿಗೂ ನುಡಿಯುತ್ತಿದೆ. ಹತ್ತು ವರ್ಷದ ಹಿಂದಿನ ಎಷ್ಟೋ ಕಡತಗಳು ಮೂಕವಾಗಿವೆ. ವಯಸ್ಸು ಇದಕ್ಕೆ ಕಾರಣವಲ್ಲ. ಒಂದರ ಸ್ವರೂಪ ಬಹಿರಂಗವಾಗಿತ್ತು, ಇನ್ನೊಂದರ ಸ್ವರೂಪ ತಯಾರಕನೊಬ್ಬನಿಗೆ ಮಾತ್ರ ತಿಳಿದಿತ್ತು. ಉದ್ಯಮಿಗಳು ಗಮನಿಸಬೇಕಾದ ಮುಖ್ಯ ಅಂಶ ಇದೇ ಆಗಿದೆ.

ಲೆಕ್ಕದಲ್ಲಿ ಕಾಣದ ನಷ್ಟ

ಉದಾಹರಣೆಗಾಗಿ ಒಂದು ಸಣ್ಣ ಸ್ಟುಡಿಯೋವನ್ನು ಊಹಿಸಿಕೊಳ್ಳಬಹುದು. ಅದರ ಸಿಂಥಸೈಜರ್ ತಂತ್ರಾಂಶಗಳ ಖರೀದಿ ಬೆಲೆ 50,000 ರೂಪಾಯಿ. ಆದಾಯ ತೆರಿಗೆಯ ಲೆಕ್ಕದಲ್ಲಿ ಶೇಕಡ 40ರ ದರದಲ್ಲಿ ಸವಕಳಿ ಕಳೆದರೆ ನಾಲ್ಕು ವರ್ಷಗಳ ನಂತರ ಉಳಿಯುವ ಮೌಲ್ಯ 6,480 ರೂಪಾಯಿ. ಪುಸ್ತಕದ ಪ್ರಕಾರ ಆ ತಂತ್ರಾಂಶ ಬಹುಮಟ್ಟಿಗೆ ಸವೆದುಹೋಗಿದೆ. ಆದರೆ ಅದೇ ನಾಲ್ಕು ವರ್ಷಗಳಲ್ಲಿ ಕಲಾವಿದರು 300 ಪ್ರಿಸೆಟ್‌ಗಳನ್ನು ಸಿದ್ಧಪಡಿಸಿದ್ದಾರೆಂದುಕೊಳ್ಳೋಣ. ಒಂದಕ್ಕೆ ಅರ್ಧ ಗಂಟೆಯಂತೆ 150 ಗಂಟೆಗಳ ದುಡಿಮೆ. ಗಂಟೆಗೆ 500 ರೂಪಾಯಿ ಎಂದರೆ 75,000 ರೂಪಾಯಿ. ಈ ಮೊತ್ತವು ಆಸ್ತಿ-ಹೊಣೆ ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಸಂಬಳದ ಖರ್ಚಿನಲ್ಲಿ ಸೇರಿಹೋಗಿರುತ್ತದೆ.

ಈಗ 8,000 ರೂಪಾಯಿ ಕೊಟ್ಟು ಹೊಸ ಆವೃತ್ತಿಗೆ ಬದಲಾಯಿಸಿದರೆ, ಬಿಲ್ಲಿನಲ್ಲಿ ಕಾಣುವ ವೆಚ್ಚ 8,000 ಮಾತ್ರ. ಪ್ರಿಸೆಟ್‌ಗಳು ನಿರುಪಯುಕ್ತವಾದರೆ ನಿಜವಾದ ವೆಚ್ಚ 83,000 ರೂಪಾಯಿ. ಐದು ವರ್ಷಗಳ ಹಿಂದೆ ಗೀತೆ ಮಾಡಿಸಿದ ವರ್ತಕರು ಮರಳಿ ಬಂದು, ರಾಗ ಅದೇ ಇರಲಿ, ಅಂಗಡಿಯ ಹೊಸ ವಿಳಾಸವನ್ನು ಮಾತ್ರ ಸೇರಿಸಿಕೊಡಿ ಎಂದಾಗ ಈ ನಷ್ಟ ಬೆಳಕಿಗೆ ಬರುತ್ತದೆ. ಸ್ವರಲಿಪಿ ಇದೆ, ದನಿ ಇಲ್ಲ. ಗಿರಾಕಿಗಳ ಕಿವಿಯಲ್ಲಿ ನೆಲೆಸಿದ ಆ ದನಿಯೇ ವರ್ತಕರು ಹಣ ಕೊಟ್ಟು ಪಡೆದ ಸರಕು.

ಮುದ್ರಣಾಲಯಕ್ಕೂ ಕಿರ್ದಿಗೂ ಇದೇ ಮಾತು

ಕರ್ನಾಟಕದ ಮುದ್ರಣಾಲಯಗಳಿಗೆ ಈ ಅನುಭವ ಹೊಸತೇನಲ್ಲ. ಲಗ್ನಪತ್ರಿಕೆ, ಲೇಬಲ್ಲು, ಕ್ಯಾಲೆಂಡರುಗಳನ್ನು ಬಹುಕಾಲ ಪೇಜ್‌ಮೇಕರ್‌ನಲ್ಲಿ ಜೋಡಿಸಲಾಗುತ್ತಿತ್ತು. ಅದರ ಕೊನೆಯ ಪ್ರಮುಖ ಆವೃತ್ತಿ 2001ರಲ್ಲಿ ಬಂದ 7.0. ಅದರ ಸ್ಥಾನವನ್ನು ಪಡೆದ ಇನ್‌ಡಿಸೈನ್ ತಂತ್ರಾಂಶವು ಹಳೆಯ ಪೇಜ್‌ಮೇಕರ್ ಕಡತಗಳನ್ನು 2012ರ ಸಿಎಸ್6 ಆವೃತ್ತಿಯವರೆಗೆ ಮಾತ್ರ ತೆರೆಯುತ್ತಿತ್ತು. ಇದರ ಜೊತೆಗೆ ಯುನಿಕೋಡ್‌ಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕನ್ನಡವು, ಆ ಅಕ್ಷರವಿನ್ಯಾಸ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಪಠ್ಯ ಹಾಳಾಗಿರುವುದಿಲ್ಲ, ಓದುವ ಕೀಲಿ ಕಳೆದಿರುತ್ತದೆ.

ಲೆಕ್ಕಪತ್ರದ ತಂತ್ರಾಂಶದಲ್ಲಿ ಈ ಕೀಲಿ ಕಳೆದರೆ ವಿಷಯ ಕಾನೂನಿಗೆ ಮುಟ್ಟುತ್ತದೆ. 2013ರ ಕಂಪನಿಗಳ ಕಾಯಿದೆಯ 128ನೆಯ ಪ್ರಕರಣದ ಪ್ರಕಾರ ಕಂಪನಿಗಳು ಹಿಂದಿನ 8 ಆರ್ಥಿಕ ವರ್ಷಗಳ ಲೆಕ್ಕಪುಸ್ತಕಗಳನ್ನು ಇಟ್ಟುಕೊಂಡಿರಬೇಕು. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೆಯ ಪ್ರಕರಣವು, ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳವರೆಗೆ ದಾಖಲೆಗಳನ್ನು ಕಾಪಾಡಬೇಕೆಂದು ವಿಧಿಸುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 7ನೆಯ ಪ್ರಕರಣವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ವಿದ್ಯುನ್ಮಾನ ದಾಖಲೆಯು ಮುಂದಿನ ಪರಿಶೀಲನೆಗೆ ಬಳಸುವಂತೆ ದೊರಕಬೇಕು, ಮತ್ತು ಮೂಲ ಸ್ವರೂಪದಲ್ಲಿ ಇಲ್ಲವೇ ಮೂಲ ಮಾಹಿತಿಯನ್ನು ನಿಖರವಾಗಿ ತೋರಿಸುವ ಸ್ವರೂಪದಲ್ಲಿ ಇರಬೇಕು. ಕಡತ ಇದೆ, ಆದರೆ ತೆರೆಯುತ್ತಿಲ್ಲ ಎಂಬುದು ಅಧಿಕಾರಿಗಳ ಮುಂದೆ ಸಮರ್ಪಕ ಉತ್ತರವೆನಿಸದು.

ಮಾಡಬೇಕಾದುದೇನು

ಇದರ ಪರಿಹಾರಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ, ಶಿಸ್ತು ಬೇಕು. ಮೊದಲನೆಯದಾಗಿ, ಹೊಸ ಆವೃತ್ತಿಯನ್ನು ಹಳೆಯದರ ಮೇಲೆಯೇ ಸ್ಥಾಪಿಸದೆ, ಸಾಧ್ಯವಿದ್ದಲ್ಲಿ ಎರಡನ್ನೂ ಅಕ್ಕಪಕ್ಕದಲ್ಲಿ ಇರಿಸಿಕೊಳ್ಳಬೇಕು. ಕೈಯಲ್ಲಿರುವ ಕೆಲಸ ಹಳೆಯದರಲ್ಲಿ ಮುಗಿಯಲಿ. ಹೊಸ ಕೆಲಸ ಹೊಸದರಲ್ಲಿ ಆರಂಭವಾಗಲಿ. ಲೆಕ್ಕಪತ್ರವಾದರೆ ಆರ್ಥಿಕ ವರ್ಷದ ನಡುವೆ ಬದಲಾವಣೆ ಬೇಡ.

ಎರಡನೆಯದಾಗಿ, ಬದಲಾವಣೆಗೆ ಮುನ್ನ ಪಾಕವಿಧಾನದೊಡನೆ ಪಾಕವನ್ನೂ ಉಳಿಸಿಕೊಳ್ಳಬೇಕು. ಸ್ಟುಡಿಯೋಗಳು ಗೀತೆಯ ಪ್ರತಿಯೊಂದು ವಾದ್ಯದ ಧ್ವನಿಯನ್ನೂ ಪ್ರತ್ಯೇಕವಾಗಿ ವೇವ್ ಕಡತವಾಗಿ ಮುದ್ರಿಸಿಡಬೇಕು. 1991ರಲ್ಲಿ ಪ್ರಕಟವಾದ ಈ ಸ್ವರೂಪವನ್ನು ಇಂದಿಗೂ ಯಾವ ಧ್ವನಿಮುದ್ರಣ ತಂತ್ರಾಂಶವಾದರೂ ತೆರೆಯುತ್ತದೆ. ಅರ್ಧ ನಿಮಿಷದ, 20 ವಾದ್ಯಪಥಗಳ ಜಾಹೀರಾತು ಗೀತೆಯೊಂದಕ್ಕೆ 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಗುಣಮಟ್ಟದಲ್ಲಿ ಬೇಕಾಗುವ ಜಾಗ ಸುಮಾರು 173 ಮೆಗಾಬೈಟ್. ಇಂಥ ನೂರು ಗೀತೆಗಳು 32 ಗಿಗಾಬೈಟ್‌ನ ಒಂದು ಪೆನ್‌ಡ್ರೈವ್‌ನಲ್ಲಿ ಅಡಗುತ್ತವೆ. ವರ್ತಕರಾದರೆ ವರ್ಷಾಂತ್ಯದ ಕಿರ್ದಿ, ಖಾತೆ, ದಾಸ್ತಾನು ಮತ್ತು ತಾಳೆ ಪಟ್ಟಿಯನ್ನು ಪಿಡಿಎಫ್ ರೂಪದಲ್ಲಿಯೂ ಸಾಮಾನ್ಯ ಕೋಷ್ಟಕದ ರೂಪದಲ್ಲಿಯೂ ಉಳಿಸಿಡಬೇಕು.

ಮೂರನೆಯದಾಗಿ, ತಂತ್ರಾಂಶಗಳಿಗೆಂದೇ ಒಂದು ದಾಖಲೆ ಪುಸ್ತಕವಿರಬೇಕು. ಆವೃತ್ತಿಯ ಸಂಖ್ಯೆ, ಪರವಾನಗಿ ಸಂಖ್ಯೆ, ಸ್ಥಾಪನಾ ಕಡತ ಇರುವ ಜಾಗ, ಅದು ನಡೆಯುವ ಕಾರ್ಯಾಚರಣಾ ವ್ಯವಸ್ಥೆ ಇವಿಷ್ಟೂ ಅದರಲ್ಲಿ ಇರಲಿ. ಹಳೆಯ ಗಣಕಯಂತ್ರವನ್ನು ಗುಜರಿಗೆ ಹಾಕುವ ಮುನ್ನ, ಅಂತರಜಾಲ ಸಂಪರ್ಕವಿಲ್ಲದೆ ಮೂಲೆಯಲ್ಲಿ ಇರಿಸಿದರೆ ಅದು ಯಾವ ಹಳೆಯ ಕಡತಗಳನ್ನು ತೆರೆಯಬಲ್ಲದು ಎಂದು ನೋಡಬೇಕು. ಗುಜರಿಯವರು ಕೊಡುವ ಹಣಕ್ಕಿಂತ ಆ ಉಪಯೋಗ ಅನೇಕ ವೇಳೆ ದೊಡ್ಡದು.

ಕೊನೆಯದಾಗಿ, ಖರೀದಿಗೆ ಮುನ್ನ ಮಾರಾಟಗಾರರಿಗೆ ಮೂರು ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಬೇಕು. ಹಿಂದಿನ ಯಾವ ಆವೃತ್ತಿಯವರೆಗಿನ ಕಡತಗಳು ಇದರಲ್ಲಿ ತೆರೆಯುತ್ತವೆ? ಹೊಸದು ಒಗ್ಗದಿದ್ದಲ್ಲಿ ಹಳೆಯದಕ್ಕೆ ಮರಳಬಹುದೇ? ಈ ತಂತ್ರಾಂಶವೇ ಇಲ್ಲವಾದರೂ ಕಡತದಲ್ಲಿನ ಮಾಹಿತಿಯನ್ನು ಹೊರತೆಗೆಯಲು ಮಾರ್ಗವಿದೆಯೇ? ಮೂರನೆಯದಕ್ಕೆ ಸ್ಪಷ್ಟ ಉತ್ತರ ದೊರೆಯದಿದ್ದಲ್ಲಿ, ಎಷ್ಟೇ ರಿಯಾಯಿತಿ ಇದ್ದರೂ ಆ ಖರೀದಿಯನ್ನು ಮುಂದೂಡುವುದು ಲೇಸು.

ನವೀಕರಣ ಬೇಡವೆಂಬುದು ಈ ವಾದದ ತಾತ್ಪರ್ಯವಲ್ಲ. ಸುರಕ್ಷತೆಯ ದೃಷ್ಟಿಯಿಂದಲೂ ಕಾನೂನಿನ ದೃಷ್ಟಿಯಿಂದಲೂ ಅದು ಅನೇಕ ವೇಳೆ ಅನಿವಾರ್ಯ. ಆದರೆ ಅಂಗಡಿಯ ಬಾಗಿಲನ್ನು ಬದಲಾಯಿಸುವ ಮುನ್ನ ಒಳಗಿನ ಸರಕನ್ನು ಎಣಿಸಿಕೊಳ್ಳುವುದು ವರ್ತಕರ ಹಳೆಯ ಪದ್ಧತಿ. ಗಣಕದೊಳಗಿನ ಸರಕಿಗೂ ಅದೇ ಪದ್ಧತಿ ಅನ್ವಯಿಸಬೇಕು. ಮುಂದಿನ ಬಾರಿ ಹೊಸ ಆವೃತ್ತಿಯ ಸೂಚನೆ ಪರದೆಯ ಮೇಲೆ ಮೂಡಿದಾಗ ಒಂದು ದಿನ ತಡೆದು, ಐದು ವರ್ಷ ಹಳೆಯ ಕಡತವೊಂದನ್ನು ತೆರೆದು ಪರೀಕ್ಷಿಸಿದರೆ ಸಾಕು. ಆ ಒಂದು ದಿನದ ವಿಳಂಬಕ್ಕೆ ಯಾವ ಉದ್ಯಮವೂ ಬೆಲೆ ತೆರಬೇಕಾಗಿ ಬರುವುದಿಲ್ಲ.