ಸೈಕಲ್ಲಿನವನ ಹಾದಿ

ಹಣೆಗೆ ವಿಭೂತಿ, ಎದೆಯ ಮೇಲೆ ಇಷ್ಟಲಿಂಗ, ಕಾರಿನ ಗಾಜಿಗೆ ಗುರುಗಳ ಭಾವಚಿತ್ರ. ಇಷ್ಟಿದ್ದೂ ಮುಂದೆ ಸೈಕಲ್ಲಿನವನು ಸಿಕ್ಕರೆ ಕೆಲವು ಭಕ್ತರು ಆಡುವ ಮಾತು ಕೇಳಲಾಗದು. ಹಾರನ್ ಒತ್ತಿ, ಮೈಮೇಲೆ ಹಾಯುವಂತೆ ಬಂದು ಅವನನ್ನು ರಸ್ತೆಯಿಂದ ಇಳಿಸುತ್ತಾರೆ. ಡಾಂಬರಿನ ಅಂಚು ಹಲವೆಡೆ ಗೇಣುದ್ದ ಕುಸಿದಿರುತ್ತದೆ. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲು ಅಲ್ಲಿ ನಿಲ್ಲುವುದಿಲ್ಲ. ಅವನು ಹೊರಟಿದ್ದು ಕಾಯಕಕ್ಕೆ. ಕಾಯಕದವನನ್ನು ತಗ್ಗಿಗೆ ನೂಕಿ ಬಂದು ನಮ್ಮ ಪಾದಕ್ಕೆರಗಿದರೆ ಅದೆಂಥ ಭಕ್ತಿ?

2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ದೂರದ ಹೈಸ್ಕೂಲು ಹಳ್ಳಿಯ ಹೆಣ್ಣುಮಕ್ಕಳಿಗೆ ಹತ್ತಿರವಾಯಿತು. ಹಾದಿಗೆ ಹೆದರಿ ತಾಯಂದಿರು ಮಗಳನ್ನು ಮನೆಯಲ್ಲೇ ಕೂಡಿಸಿಕೊಂಡರೆ ಆ ಪಾಪ ಯಾರಿಗೆ? ಸೈಕಲ್ಲಿನವರೂ ಕತ್ತಲಲ್ಲಿ ದೀಪವಿಲ್ಲದೆ ಬರಬಾರದು, ಆ ಮಾತು ಬೇರೆ.

ಜಾತ್ರೆಗೆ ಬರುವವರು ಸೈಕಲ್ ಕಂಡಲ್ಲಿ ವೇಗ ತಗ್ಗಿಸಿ, ಮಾರು ಜಾಗ ಬಿಟ್ಟು ಬನ್ನಿ. ತಡವಾದರೂ ಪ್ರಸಾದ ಕಾದಿರುತ್ತದೆ.