ಕಾರಿನ ಹೊಟ್ಟೆ, ರಸ್ತೆಯ ಉಬ್ಬು

ಸಿಂಧನೂರಿನ ಒಂದು ಗ್ಯಾರೇಜಿನ ಮುಂದೆ ಮೊನ್ನೆ ಕಿವಿಗೆ ಬಿದ್ದ ಮಾತು. ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು, ಸೆಕೆಂಡ್ ಹ್ಯಾಂಡು. ಮಾಲೀಕ ಇನ್ನೂ ಮೀಸೆ ತಿರುವುವ ವಯಸ್ಸಿನ ಹುಡುಗ.

“ಅಣ್ಣಾ, ಬ್ಯಾರೆ ಸ್ಪ್ರಿಂಗ್ ಹಾಕಿ ಗಾಡಿ ಒಂದೂವರೆ ಇಂಚು ಕೆಳಗ ಇಳಿಸಬೇಕಂತ ಅದೀನಿ. ಇಳಿಸ್ಲೋ, ಬ್ಯಾಡೋ?”

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಹೇಳಿದ: “ಇಳಿಸೋದು ಒಂದು ದಿನದ ಕೆಲಸ, ತಮ್ಮಾ. ಇಳಿಸಿದ ಮ್ಯಾಲೆ ಮಸ್ಕಿ ದಾಟಿ ಲಿಂಗಸುಗೂರಿಗೆ ಹ್ಯಾಂಗ ಹೋಗ್ತಿ, ಅದನ್ನ ಹೇಳು.”

ನಿಂತವರು ನಕ್ಕರು. ಉಳ್ಳವರ ಮಕ್ಕಳ ಷೋಕಿ, ನಮಗೇನು ಎಂದು ಗಲ್ಲಾದ ಮುಂದೆ ಕೂತವರೂ, ಬಸ್ಸಿಗೆ ಕಾಯುವವರೂ ಅನ್ನಬಹುದು. ಸ್ವಲ್ಪ ತಾಳಿ. ಇದರಲ್ಲಿ ನಮ್ಮ ಪಾಲೂ ಇದೆ.

ಹುಡುಗನ ಆಸೆ ತೀರಾ ಹುಚ್ಚಲ್ಲ. ಗಿಡ್ಡ, ಬಿಗಿ ಸ್ಪ್ರಿಂಗ್ ಹಾಕಿದರೆ ಕಾರಿನ ಭಾರ ನೆಲಕ್ಕೆ ಹತ್ತಿರವಾಗುತ್ತದೆ. ತಿರುವಿನಲ್ಲಿ ಬಾಡಿ ವಾಲುವುದು ಕಡಿಮೆ. ನೋಟವೂ ಚೆಂದ. ಚೆನ್ನೈ, ಕೊಯಮತ್ತೂರುಗಳ ರೇಸ್ ಟ್ರ್ಯಾಕಿನಲ್ಲಿ ಇದಕ್ಕೆ ಬೆಲೆ ಉಂಟು. ಆದರೆ ಸ್ಪ್ರಿಂಗ್ ಕುಗ್ಗಲು ಜಾಗ ಕಡಿಮೆಯಾದಷ್ಟೂ ಗುಂಡಿಯ ಪೆಟ್ಟು ನೇರ ಶಾಕ್ ಅಬ್ಸಾರ್ಬರಿಗೆ, ಅಲ್ಲಿಂದ ಕೂತವರ ಬೆನ್ನಿಗೆ. ಗಾಲಿಯ ಕೋನ ಬದಲಾಗಿ ಟೈರಿನ ಒಳಮಗ್ಗುಲು ಬೇಗ ಸವೆಯುತ್ತದೆ. ಇನ್ನು ದುಡ್ಡು ಉಳಿಸಲು ಹಳೆ ಸ್ಪ್ರಿಂಗನ್ನೇ ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸುವವರೂ ಇದ್ದಾರೆ. ಅದು ಶುದ್ಧ ಅಪಾಯ. ಕಾಯಿಸಿದ ಉಕ್ಕು ಸತ್ವ ಕಳೆದುಕೊಳ್ಳುತ್ತದೆ. ಗಾಲಿ ಗುಂಡಿಗೆ ಇಳಿದಾಗ ತುಂಡು ಸ್ಪ್ರಿಂಗು ತನ್ನ ಜಾಗದಿಂದಲೇ ಜಾರಬಹುದು.

ಈಗ ಲೆಕ್ಕಕ್ಕೆ ಬನ್ನಿ. ಮಾಮೂಲಿ ಕಾರಿನ ಹೊಟ್ಟೆಗೂ ನೆಲಕ್ಕೂ 16-17 ಸೆಂ.ಮೀ. ಅಂತರ. ಸ್ಪೋರ್ಟ್ಸ್ ಕಾರಿಗೆ ಹುಟ್ಟಾ 12-13. ಅದರಲ್ಲಿ ಒಂದೂವರೆ ಇಂಚು ತೆಗೆದರೆ ಉಳಿಯುವುದು ಎಂಟೊಂಬತ್ತು. ನಮ್ಮದೋ ಎರೆ ನೆಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಕಾಲುವೆ ನೀರಿನ ಸೀಮೆಯಲ್ಲಿ ಡಾಂಬರು ಎಷ್ಟು ದಿನ ಸಮತಟ್ಟಾಗಿ ಇದ್ದೀತು? ಭತ್ತದ ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳು ಉಳಿದದ್ದನ್ನೂ ಮುಗಿಸುತ್ತವೆ.

ಇಳಿಸಿದ ಕಾರಿನವ ಏನು ಮಾಡುತ್ತಾನೆ? ಉಬ್ಬು ಬಂದ ಕೂಡಲೇ ಗಕ್ಕನೆ ನಿಲ್ಲಿಸುತ್ತಾನೆ. ಹಿಂದೆ ಬಸ್ಸು. ಆಮೇಲೆ ಒಂದೊಂದೇ ಗಾಲಿ ಏರಿಸಲು ಅಡ್ಡಡ್ಡ ತಿರುಗಿಸುತ್ತಾನೆ. ಇಲ್ಲವೇ ಉಬ್ಬು ತಪ್ಪಿಸಲು ರಸ್ತೆಯಂಚಿಗೆ ನುಗ್ಗುತ್ತಾನೆ. ಆ ಅಂಚಿನಲ್ಲಿ ಯಾರಿದ್ದಾರೆ? ತಳ್ಳುಗಾಡಿಯವರು, ಸೈಕಲ್ಲಿನ ಮಕ್ಕಳು, ಬಸ್ಸಿಗೆ ಕೈ ಮಾಡಿ ನಿಂತ ನೀವು. ಷೋಕಿ ಅವನದು, ಪೆಟ್ಟು ನಿಮ್ಮದು.

ಕಾನೂನೂ ಅವನ ಕಡೆ ಇಲ್ಲ. ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಕಾಯ್ದೆ ಒಪ್ಪದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಇದೊಂದೇ ನೆಪ ಸಾಕು. ಆಗ ಮನೆ ಹಿರಿಯರ ಗಂಟು ಕರಗುತ್ತದೆ.

ಹುಡುಗನಿಗೆ ಇಷ್ಟು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಉಬ್ಬಿನ ಕಥೆ ಹೇಳದಿದ್ದರೆ ಅದು ಅನ್ಯಾಯ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಉಬ್ಬಿನ ಎತ್ತರ 10 ಸೆಂ.ಮೀ., ಅಗಲ 3.7 ಮೀಟರು. ಆಮೆಯ ಬೆನ್ನಿನಂತೆ ನಿಧಾನ ಏರಿ ನಿಧಾನ ಇಳಿಯಬೇಕು. ಅಂಥ ಉಬ್ಬಿನಲ್ಲಿ ಗಾಲಿಗಳೂ ಜತೆಯಲ್ಲೇ ಏರುವುದರಿಂದ ಹೊಟ್ಟೆಯ ಕೆಳಗೆ ಐದು ಸೆಂ.ಮೀ. ಜಾಗವಿದ್ದರೂ ನಿಧಾನಕ್ಕೆ ದಾಟಬಹುದು. ಅಂದರೆ ಈ ಇಳಿಸಿದ ಕಾರೂ ದಾಟೀತು! ನಮ್ಮಲ್ಲಿ ಇರುವುದೇನು? ಒಂದು ಪುಟ್ಟಿ ಸಿಮೆಂಟು ಸುರಿದು ಮಾಡಿದ ಗೋಡೆಯಂಥ ದಿಣ್ಣೆ. ಮುಂದಿನ ಗಾಲಿ ಇಳಿದಿರುತ್ತದೆ, ಹಿಂದಿನದು ಏರಿರುವುದಿಲ್ಲ, ದಿಣ್ಣೆ ನಡುವೆ ಹೊಟ್ಟೆಗೆ ತಿವಿಯುತ್ತದೆ. ಬಣ್ಣವಿಲ್ಲ, ಬೋರ್ಡಿಲ್ಲ. ರಾತ್ರಿ ಬೈಕಿನವ ಬೀಳುತ್ತಾನೆ, ಬಸ್ಸಿನ ಹಿಂದಿನ ಸೀಟಿನವರ ತಲೆ ಸೂರಿಗೆ ತಾಗುತ್ತದೆ, ಆಸ್ಪತ್ರೆಗೆ ಹೊರಟ ಬಸುರಿ ನರಳುತ್ತಾಳೆ.

ಅಂಗಡಿಕಾರ ಮಿತ್ರರು ಸಿಟ್ಟಾಗಬಾರದು. ಇಂಥ ಕೆಲವು ದಿಣ್ಣೆಗಳನ್ನು ನಾವೇ, ನಮ್ಮ ಓಣಿಯವರೇ, ಯಾರನ್ನೂ ಕೇಳದೆ ಹಾಕಿಸಿದ್ದೇವೆ. ವೇಗ ತಗ್ಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಅಳತೆ ತಪ್ಪಿದ ಸ್ಪ್ರಿಂಗಿಗೂ ಅಳತೆ ತಪ್ಪಿದ ಉಬ್ಬಿಗೂ ಏನು ಫರಕು? ಎರಡೂ ತಮಗೆ ತೋಚಿದಂತೆ ಮಾಡಿ ಊರಿನ ಮೇಲೆ ಬಿಟ್ಟವೇ.

ಹುಡುಗನಿಗೆ ನಮ್ಮ ಮಾತು: ಬೇಡ ತಮ್ಮಾ, ಕಂಪನಿಯ ಸ್ಪ್ರಿಂಗೇ ಇರಲಿ. ಆ ದುಡ್ಡಿಗೆ ಒಳ್ಳೆ ಟೈರು, ಬ್ರೇಕು ಹಾಕಿಸು. ಸಂಬಂಧಪಟ್ಟವರಿಗೆ ನಮ್ಮ ಮಾತು: ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿನವರೆಗೆ ಒಂದು ಸಾರಿ ಟೇಪು ಹಿಡಿದು ಬನ್ನಿ. ಪ್ರತಿ ಉಬ್ಬನ್ನೂ ಅಳೆಯಿರಿ. ಬೇಡದ್ದನ್ನು ಕೀಳಿ, ಬೇಕಾದದ್ದಕ್ಕೆ ಬಣ್ಣ ಬಳಿಯಿರಿ, ಬೋರ್ಡು ನಿಲ್ಲಿಸಿ. ಇಳಿಸುವುದೇ ಇದ್ದರೆ ಮೊದಲು ಉಬ್ಬು ಇಳಿಸಿ.